ಗೀಸರ್ ಯಾಕೆ ನಿಂತಿತು?

ನಿಮ್ಮ ಮನೆಯ ಗೀಸರ್ ಬೆಳಗಿನ ಜಾವ ಎಂದಾದರೂ ಕೈಕೊಟ್ಟಿದೆಯೇ? ಕೈಕೊಟ್ಟಿದ್ದರೆ ಆ ಬೆಳಗ್ಗೆ ಮನೆಯಲ್ಲಿ ಏನೆಲ್ಲ ಆಗುತ್ತದೆಂದು ನಾನು ಹೇಳಬೇಕಾಗಿಲ್ಲ. ಮಕ್ಕಳು ಸ್ನಾನ ಬೇಡವೆಂದು ಹಟ ಹಿಡಿಯುತ್ತಾರೆ, ಶಾಲೆಯ ಬಸ್ಸಿಗೆ ಹೊತ್ತಾಗುತ್ತದೆ, ಗ್ಯಾಸ್ ಒಲೆಯ ಮೇಲೆ ತಿಂಡಿಗೂ ನೀರಿನ ಪಾತ್ರೆಗೂ ಜಗಳ ಶುರುವಾಗುತ್ತದೆ. ಕರಾವಳಿಯ ಸಹೋದರಿಯರಿಗೆ ಇದು ಅಷ್ಟು ದೊಡ್ಡ ವಿಷಯವೆನಿಸದಿರಬಹುದು. ನಾವಿರುವುದು ಚಿಕ್ಕಮಗಳೂರಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಐದು ಗಂಟೆಗೆ ನಲ್ಲಿ ತಿರುಗಿಸಿದರೆ ನೀರು ಕೊರೆಯುತ್ತದೆ.

2018ರ ಡಿಸೆಂಬರ್ ತಿಂಗಳಲ್ಲಿ ಹೀಗೆಯೇ ಒಂದು ಬೆಳಗ್ಗೆ ನಮ್ಮ ಗೀಸರ್ ನಿಂತುಹೋಯಿತು. ನಮ್ಮ ಮನೆಯವರು ಆಗ ದಮ್ಮಾಮ್‌ನಲ್ಲಿದ್ದರು. ಮನೆಯಲ್ಲಿ ನಾನು, ಇಬ್ಬರು ಮಕ್ಕಳು ಮತ್ತು ಮಂಡಿನೋವಿನ ಅತ್ತೆ. ಅತ್ತೆಯವರಿಗೆ ಫಜ್ರ್ ನಮಾಝಿನ ವುಝೂಗೆ ಬಿಸಿನೀರು ಬೇಕೇ ಬೇಕು. ಅವರು ತಣ್ಣೀರು ಮುಟ್ಟಿದರೆ ಇಡೀ ದಿನ ಕೈಬೆರಳು ಮಡಚಲಾಗುವುದಿಲ್ಲ. ಅಂದು ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿ ಕೊಟ್ಟು ಶಾಲೆಗೆ ಹೊರಟೆ. ಸಂಜೆ ಪರಿಚಯದ ಅಂಗಡಿಯವರೊಬ್ಬರು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳುಹಿಸಿದರು. ಹುಡುಗ ಚುರುಕು. ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿದ, ಏನೋ ಕತ್ತರಿಸಿದ, ಏನೋ ಜೋಡಿಸಿದ. ಹತ್ತು ನಿಮಿಷದಲ್ಲಿ ದೀಪ ಹತ್ತಿತು.

"ಆಯ್ತು ಟೀಚರ್, ಡೈರೆಕ್ಟ್ ಕೊಟ್ಟಿದ್ದೇನೆ. ಇನ್ನು ತೊಂದರೆ ಕೊಡೋದಿಲ್ಲ" ಎಂದ.

"ಡೈರೆಕ್ಟ್ ಅಂದರೆ ಏನಪ್ಪಾ?" ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ತರಗತಿಯಲ್ಲಿ ಅರ್ಥವಾಗದಿದ್ದರೆ ಕೈಯೆತ್ತಿ ಕೇಳಿ ಎಂದು ಮಕ್ಕಳಿಗೆ ದಿನಾ ಹೇಳುವವಳು ನಾನು. ಇನ್ನೂರು ರೂಪಾಯಿ ಕೊಟ್ಟು ಧನ್ಯವಾದ ಹೇಳಿ ಕಳುಹಿಸಿದೆ.

ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಹಿಂದಿಗಿಂತ ನೀರು ಹೆಚ್ಚು ಬಿಸಿ ಎಂದು ಮಕ್ಕಳು ಖುಷಿಪಟ್ಟರು. ಮೂರನೆಯ ದಿನ ಭಾನುವಾರ. ಗೀಸರ್ ಹಾಕಿ ಅಡುಗೆಮನೆಯ ಕೆಲಸದಲ್ಲಿ ಮರೆತುಬಿಟ್ಟೆ. ಒಂದೂವರೆ ಗಂಟೆಯ ಮೇಲಾಗಿರಬೇಕು. ಬಚ್ಚಲುಮನೆಯಿಂದ ಗುಡುಗುಡು ಶಬ್ದ, ಹಂಡೆಯಲ್ಲಿ ನೀರು ಕುದಿಯುವ ಹಾಗೆ. ಹೋಗಿ ನೋಡಿದರೆ ದೀಪ ಉರಿಯುತ್ತಲೇ ಇದೆ. ಬಿಸಿನೀರಿನ ನಲ್ಲಿಯನ್ನು ಸ್ವಲ್ಪ ತಿರುಗಿಸಿದೆ. ನೀರು ಬರಲಿಲ್ಲ. ಬುಸ್ಸೆಂದು ಹಬೆ ಬಂತು, ಅದರ ಹಿಂದೆ ಕುದಿಯುವ ನೀರು ಚಿಮ್ಮಿತು. ಕೈ ಹಿಂದಕ್ಕೆಳೆದುಕೊಂಡದ್ದರಿಂದ ಬಚಾವಾದೆ, ಅಲ್‌ಹಮ್ದುಲಿಲ್ಲಾಹ್. ಆ ಜಾಗದಲ್ಲಿ ಅತ್ತೆಯವರೋ ಮಕ್ಕಳೋ ಇದ್ದಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ.

ಹೊರಗೆ ಓಡಿ ಬಂದು ಮೇನ್ ಸ್ವಿಚ್ ಇಳಿಸಿದೆ. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಮರುದಿನ ಬಂದು ಮುಚ್ಚಳ ಬಿಚ್ಚಿ ತೋರಿಸಿದಾಗಲೇ 'ಡೈರೆಕ್ಟ್' ಎಂಬ ಮಾತಿನ ಅರ್ಥ ತಿಳಿದದ್ದು. ನಿಮಗೂ ಅದನ್ನು ಬಿಡಿಸಿ ಹೇಳುತ್ತೇನೆ.

ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ಒಂದಿರುತ್ತದೆ. ಅದಕ್ಕೆ ಬುದ್ಧಿಯಿಲ್ಲ, ಕರೆಂಟ್ ಇರುವಷ್ಟು ಹೊತ್ತೂ ಅದು ಕಾಯುತ್ತಲೇ ಇರುತ್ತದೆ. ಸಾಕು ಎಂದು ಹೇಳುವುದು ಥರ್ಮೋಸ್ಟಾಟ್. ನೀರು ನಾವು ಇಟ್ಟಷ್ಟು ಬಿಸಿಯಾದ ಕೂಡಲೇ, ಅಂದರೆ ಅರುವತ್ತು ಡಿಗ್ರಿಯ ಆಸುಪಾಸಿನಲ್ಲಿ, ಅದು ಕರೆಂಟ್ ತಡೆಯುತ್ತದೆ. ಒಂದು ವೇಳೆ ಥರ್ಮೋಸ್ಟಾಟ್ ಕೆಟ್ಟು ತಡೆಯದೇ ಹೋದರೆ ಅದರ ಮೇಲೆ ಇನ್ನೊಂದು ಕಾವಲು ಇರುತ್ತದೆ. ಅದಕ್ಕೆ ಥರ್ಮಲ್ ಕಟ್‌ಔಟ್ ಎನ್ನುತ್ತಾರೆ. ನೀರು ಕುದಿಯುವ ಮೊದಲೇ ಅದು ಪೂರ್ತಿ ಬಂದ್ ಮಾಡುತ್ತದೆ, ತಾನಾಗಿ ಮತ್ತೆ ಶುರುವಾಗುವುದಿಲ್ಲ. ಮೂರನೆಯದು ತಣ್ಣೀರು ಒಳಹೋಗುವ ಪೈಪಿನಲ್ಲಿರುವ ಸೇಫ್ಟಿ ವಾಲ್ವ್. ಒಳಗೆ ಒತ್ತಡ ಹೆಚ್ಚಾದರೆ ಅದು ತೆರೆದು ನೀರನ್ನು ಹೊರಗೆ ಬಿಡುತ್ತದೆ.

ನಮ್ಮ ಗೀಸರ್ ನಿಂತದ್ದು ಕಟ್‌ಔಟ್ ಬಿದ್ದದ್ದರಿಂದ. ಥರ್ಮೋಸ್ಟಾಟ್ ಕೆಟ್ಟಿತ್ತು, ನೀರು ಮಿತಿಮೀರಿ ಕಾದಿತ್ತು, ಕಟ್‌ಔಟ್ ತನ್ನ ಕೆಲಸ ಮಾಡಿತ್ತು. ಅಂದರೆ ಗೀಸರ್ ನಿಂತು ನಮ್ಮನ್ನು ಕಾಪಾಡಿತ್ತು. ಆ ಹುಡುಗ ಥರ್ಮೋಸ್ಟಾಟ್, ಕಟ್‌ಔಟ್ ಎರಡನ್ನೂ ಬಿಟ್ಟು ವಯರನ್ನು ನೇರವಾಗಿ ಕಾಯಿಲ್‌ಗೆ ಜೋಡಿಸಿದ್ದ. ಉಳಿದಿದ್ದ ಸೇಫ್ಟಿ ವಾಲ್ವ್ ಕೂಡ ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಲ್ಲಾಗಿತ್ತು. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು, "ಟೀಚರ್, ನೀವು ಕುಕ್ಕರಿನ ವೆಯಿಟ್ಟನ್ನು ವೆಲ್ಡಿಂಗ್ ಮಾಡಿಸಿ ಒಲೆಯ ಮೇಲೆ ಇಡುತ್ತೀರಾ?" ಎಂದು ಕೇಳಿದರು.

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಕುಕ್ಕರ್ ಸೀಟಿ ಹಾಕದಿದ್ದರೆ ನಾವು ಕೂಡಲೇ ಒಲೆ ಆರಿಸುತ್ತೇವೆ. ಅದು ನಮ್ಮ ಕೈಯ ಸಾಮಾನು, ನಮಗೆ ಅದರ ಭಯವೂ ಗೊತ್ತು, ಮರ್ಯಾದೆಯೂ ಗೊತ್ತು. ಗೀಸರ್ ಕೂಡ ಮುಚ್ಚಿದ ಪಾತ್ರೆಯೇ. ಐದು ಲೀಟರ್ ಕುಕ್ಕರಿಗೆ ಇಷ್ಟು ಹೆದರುವ ನಾವು ಇಪ್ಪತ್ತೈದು ಲೀಟರಿನದನ್ನು ತಲೆಯ ಮೇಲೆ ನೇತುಹಾಕಿ ಅದರ ಕೆಳಗೆ ಮಕ್ಕಳನ್ನು ನಿಲ್ಲಿಸುತ್ತೇವೆ. ನೀರು ಹಬೆಯಾದಾಗ ಸುಮಾರು ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಆ ಹಬೆಗೆ ದಾರಿಯಿಲ್ಲದಿದ್ದರೆ ಟ್ಯಾಂಕ್ ಒಡೆಯುತ್ತದೆ.

ಹಾಗಾದರೆ ಗೀಸರ್ ನಿಂತಾಗ ನಾವು, ಮನೆಯಲ್ಲಿರುವ ಹೆಂಗಸರು, ಏನು ನೋಡಬಹುದು? ಮುಚ್ಚಳ ಬಿಚ್ಚುವ ಕೆಲಸ ನಮ್ಮದಲ್ಲ. ಆದರೆ ಬಿಚ್ಚದೆಯೇ ಎಷ್ಟೋ ತಿಳಿಯಬಹುದು.

ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋಗಿ. ಗೀಸರಿನ ಎಂಸಿಬಿ ಕೆಳಗೆ ಬಿದ್ದಿದೆಯೇ? ಬಿದ್ದಿದ್ದರೆ ಗೀಸರಿನ ಸ್ವಿಚ್ ಆಫ್ ಮಾಡಿ, ಎಂಸಿಬಿಯನ್ನು ಒಮ್ಮೆ ಮೇಲೆತ್ತಿ, ನಂತರ ಗೀಸರ್ ಹಾಕಿ ನೋಡಿ. ಪುನಃ ಬಿದ್ದರೆ ಬಿಟ್ಟುಬಿಡಿ. ಮತ್ತೆ ಮತ್ತೆ ಎತ್ತುವುದು, ಕಡ್ಡಿ ಸಿಕ್ಕಿಸಿ ನಿಲ್ಲಿಸುವುದು, ಹಳೆಯ ಫ್ಯೂಸ್ ಇರುವ ಮನೆಯಲ್ಲಿ ದಪ್ಪ ತಂತಿ ಸುತ್ತುವುದು, ಇವೆಲ್ಲವೂ 'ಡೈರೆಕ್ಟ್' ಕೊಡುವುದರ ಅಣ್ಣತಮ್ಮಂದಿರೇ. ಕೆಲವು ಮನೆಗಳಲ್ಲಿ ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ ಇರುತ್ತದೆ, ಅದರ ಮೇಲೆ ಪರೀಕ್ಷೆಯ ಚಿಕ್ಕ ಗುಂಡಿಯೂ ಇರುತ್ತದೆ. ಗೀಸರ್ ಹಾಕಿದ ಕೂಡಲೇ ಅದು ಬಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಕಾಯಿಲ್ ಒಡೆದು ನೀರಿಗೇ ಸೋರುತ್ತಿದೆ ಎಂದು ಅರ್ಥ. ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೂ ಇದೇ ಸೂಚನೆ. 'ಸ್ವಲ್ಪ ಜುಮ್ ಅನ್ನುತ್ತದೆ ಅಷ್ಟೇ' ಎಂದು ಹೇಳಿಕೊಂಡು ಸ್ನಾನ ಮಾಡುವವರನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಬೇಡ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಆ ಜುಮ್ಮೆನ್ನುವುದೇ ಜೀವ ತೆಗೆಯಬಲ್ಲದು.

ಎಂಸಿಬಿ ಸರಿಯಿದ್ದರೆ ಅದನ್ನು ಇಳಿಸಿ, ಗೀಸರಿನ ಪ್ಲಗ್ ಹೊರತೆಗೆದು ನೋಡಿ. ಪಿನ್ನು ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆಯಿದ್ದರೆ ರೋಗ ಅಲ್ಲೇ ಇದೆ. ಎರಡು ಸಾವಿರ ವ್ಯಾಟಿನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಚಿಕ್ಕ ಸಾಕೆಟ್ ಆರು ಆಂಪಿಯರಿನದು, ಅದು ತಡೆಯುವುದಿಲ್ಲ. ಗೀಸರಿಗೆ ಹದಿನಾರು ಆಂಪಿಯರಿನ ಸಾಕೆಟ್ಟೇ ಬೇಕು.

ಇನ್ನು ಗೀಸರಿನ ದೀಪ. ಇದು ನಮ್ಮೊಡನೆ ಮಾತನಾಡುತ್ತದೆ, ನಾವು ಕೇಳುವುದಿಲ್ಲ ಅಷ್ಟೇ. ಹೆಚ್ಚಿನ ಗೀಸರ್‌ಗಳಲ್ಲಿ ನೀರು ಕಾಯುವಾಗ ದೀಪ ಉರಿಯುತ್ತದೆ, ಕಾದ ಮೇಲೆ ಆರುತ್ತದೆ. ದೀಪ ಉರಿಯುತ್ತಿದೆ, ಅರ್ಧ ಗಂಟೆಯಾದರೂ ನೀರು ತಣ್ಣಗೇ ಇದೆ ಎಂದಾದರೆ ಕಾಯಿಲ್ ಸುಟ್ಟಿರುವ ಸಂಭವ ಹೆಚ್ಚು. ಸ್ವಿಚ್ ಹಾಕಿದರೂ ದೀಪವಿಲ್ಲ, ನೀರೂ ತಣ್ಣಗಿದೆ, ಪ್ಲಗ್ ಸರಿಯಿದೆ ಎಂದಾದರೆ ಥರ್ಮೋಸ್ಟಾಟ್ ಅಥವಾ ಕಟ್‌ಔಟ್. ದೀಪ ಆರುವುದೇ ಇಲ್ಲ, ನೀರು ಕುದಿಯುತ್ತದೆ ಎಂದಾದರೆ ಅದು ನಮ್ಮ ಮನೆಯ ಕಥೆ. ಆಗ ಮೇನ್ ಇಳಿಸಿ, ಬಚ್ಚಲುಮನೆಯ ಬಾಗಿಲು ಹಾಕಿ, ಬಿಸಿನೀರಿನ ನಲ್ಲಿ ತಿರುಗಿಸಬೇಡಿ. ನಾನು ತಿರುಗಿಸಿದ್ದು ತಪ್ಪು. ಕೆಲವು ಗಂಟೆ ತಾನಾಗಿ ತಣಿಯಲು ಬಿಡಬೇಕಿತ್ತು.

ಇಪ್ಪತ್ತೈದು ಲೀಟರ್ ನೀರು ಇಪ್ಪತ್ತು ಡಿಗ್ರಿಯಿಂದ ಅರುವತ್ತಕ್ಕೆ ಬರಲು ಎರಡು ಸಾವಿರ ವ್ಯಾಟಿನ ಗೀಸರಿಗೆ ಸುಮಾರು ಮೂವತ್ತೈದು ನಿಮಿಷ ಬೇಕು. ಈ ಲೆಕ್ಕ ನೆನಪಿರಲಿ. ಹತ್ತೇ ನಿಮಿಷಕ್ಕೆ ನೀರು ಕಾಯಲಿಲ್ಲವೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದಾರೆ. ಒಂದು ಗಂಟೆಯಾದರೂ ಕಾಯದಿದ್ದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿರಬಹುದು. ಗಡಸು ನೀರಿನ ಊರುಗಳಲ್ಲಿ ಇದು ಸಾಮಾನ್ಯ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆ. ನೀರು ಕಾಯುವಾಗ ವಾಲ್ವಿನಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. ಕಾದ ನೀರು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಆ ಹನಿ ನಿಲ್ಲಿಸಲೆಂದು ವಾಲ್ವಿನ ಬಾಯಿಗೆ ಎಂ-ಸೀಲ್ ಮೆತ್ತುವವರ ಬಗ್ಗೆ ಏನು ಹೇಳಲಿ!

ಮೇಲಿನ ಟ್ಯಾಂಕ್ ತೊಳೆದ ದಿನ ಗೀಸರ್ ಹಾಕುವ ಮೊದಲು ಬಿಸಿನೀರಿನ ನಲ್ಲಿ ತೆರೆದು, ನೀರು ಒಂದೇ ಸಮನೆ ಬರುವುದನ್ನು ನೋಡಿಕೊಳ್ಳಿ. ನೀರಿಲ್ಲದೆ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಗೀಸರ್ ಕೆಟ್ಟ ದಿನವೇ ಅಟ್ಟದಿಂದ ಕೆಳಗಿಳಿಯುವ ಇನ್ನೊಂದು ವಸ್ತು ನೀರು ಕಾಯಿಸುವ ರಾಡು. ಬಕೆಟಿನಲ್ಲಿ ರಾಡು ಇಟ್ಟು, ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮಕ್ಕಳಿರುವ ಮನೆಯಲ್ಲಿ ರಾಡು ಬೇಡವೆಂದೇ ನನ್ನ ಅಭಿಪ್ರಾಯ. ಅನಿವಾರ್ಯವಾದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಗ್ಯಾಸ್ ಒಲೆ, ದೊಡ್ಡ ಪಾತ್ರೆ, ವುಝೂಗೆ ರಾತ್ರಿಯೇ ತುಂಬಿಟ್ಟ ಫ್ಲಾಸ್ಕ್ ಇವುಗಳಿಂದ ನಾಲ್ಕು ದಿನ ದೂಡಬಹುದು. ನಾವು ದೂಡಿದ್ದೇವೆ.

ಸೋಲಾರ್ ಇರುವವರಿಗೆ ಎರಡೇ ಮಾತು. ಮೋಡವಿಲ್ಲದ ದಿನವೂ ನೀರು ಕಾಯದಿದ್ದರೆ ಮೊದಲು ಗಾಜಿನ ಮೇಲಿನ ಧೂಳು ನೋಡಿ, ಟ್ಯಾಂಕಿನಲ್ಲಿ ನೀರು ನೋಡಿ. ಗಾಜಿನ ಕೊಳವೆಗಳು ಖಾಲಿಯಾಗಿ ಬಿಸಿಲಿಗೆ ಕಾದಿದ್ದರೆ ಹಗಲಲ್ಲಿ ತಣ್ಣೀರು ಬಿಡಬಾರದು, ಒಡೆಯುತ್ತವೆ. ಬಿಸಿಲಿಳಿದು ಕೊಳವೆ ತಣಿದ ಮೇಲೆ ಅಥವಾ ಮುಂಜಾನೆ ತುಂಬಿಸಿ.

ಗ್ಯಾಸ್ ಗೀಸರಿನ ವಿಷಯ ಇಷ್ಟು ಹಗುರವಲ್ಲ. ಅದು ಹೊತ್ತಿಕೊಳ್ಳದಿದ್ದರೆ ಕಾರಣ ಹೆಚ್ಚಾಗಿ ಸಣ್ಣದು: ಕಿಡಿ ಕೊಡುವ ಬ್ಯಾಟರಿ ಸೆಲ್ ಮುಗಿದಿರುತ್ತದೆ, ಇಲ್ಲವೇ ನೀರಿನ ಒತ್ತಡ ಸಾಲುವುದಿಲ್ಲ. ಕೆಲವು ಗ್ಯಾಸ್ ಗೀಸರ್‌ಗಳು ಇಪ್ಪತ್ತು ನಿಮಿಷವಾದ ಮೇಲೆ ತಾವಾಗಿಯೇ ಆರಿಹೋಗುತ್ತವೆ. ಅದೂ ಕೆಟ್ಟದ್ದಲ್ಲ, ಹಾಗೆಯೇ ಮಾಡಿಟ್ಟದ್ದು. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಬಚ್ಚಲುಮನೆಯಲ್ಲಿ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರಿಗೆ ತಲೆ ಸುತ್ತಿದಂತಾಗುತ್ತದೆ, ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ನಮ್ಮ ರಾಜ್ಯದಲ್ಲೇ ಹೀಗೆ ಸ್ನಾನಕ್ಕೆ ಹೋದವರು ಹೊರಬರದ ಸುದ್ದಿಗಳನ್ನು ನೀವೂ ಓದಿದ್ದೀರಿ. ಗ್ಯಾಸ್ ಗೀಸರ್ ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾದರೆ ನಿಲ್ಲಿಸಿ ಸರ್ವಿಸ್ ಮಾಡಿಸಬೇಕು. ಚಳಿ ಒಳಬರುತ್ತದೆಂದು ಬಚ್ಚಲಿನ ಕಿಟಕಿಗೆ ರಟ್ಟು ಹೊಡೆದಿದ್ದರೆ ಇಂದೇ ಕಿತ್ತುಹಾಕಿ.

ನಮ್ಮ ಗೀಸರಿಗೆ ಹೊಸ ಥರ್ಮೋಸ್ಟಾಟ್, ಹೊಸ ಕಟ್‌ಔಟ್, ಹೊಸ ವಾಲ್ವ್ ಹಾಕಿಸಿದೆವು. ಮೊದಲು ಕೊಟ್ಟ ಇನ್ನೂರು ರೂಪಾಯಿಯ ಆರೇಳು ಪಟ್ಟು ಖರ್ಚಾಯಿತು. ಫೋನಿನಲ್ಲಿ ನಮ್ಮ ಮನೆಯವರು, "ಮೊದಲೇ ನನ್ನನ್ನು ಕೇಳಬಾರದಿತ್ತೇ?" ಎಂದರು. ಕೇಳಿದ್ದರೆ ಅವರೂ "ಯಾರನ್ನಾದರೂ ಕರೆದು ಸರಿಮಾಡಿಸು" ಎಂದೇ ಹೇಳುತ್ತಿದ್ದರೆಂದು ನನಗೆ ಗೊತ್ತು.

ಈಗ ಯಾರೇ ರಿಪೇರಿಗೆ ಬರಲಿ, ಪಕ್ಕದಲ್ಲೇ ನಿಂತು ಮೂರು ಪ್ರಶ್ನೆ ಕೇಳುತ್ತೇನೆ. ಯಾಕೆ ನಿಂತಿತು? ಯಾವ ಭಾಗ ಬದಲಾಯಿಸಿದಿರಿ? ಹಳೆಯದನ್ನು ನನ್ನ ಕೈಗೆ ಕೊಡುತ್ತೀರಾ? ಹಳೆಯ ಭಾಗ ಕೈಗೆ ಬಂದರೆ ಹೊಸದು ಹಾಕಿದ್ದಾರೆಂದು ನಂಬಬಹುದು. ಏನೂ ಬದಲಾಯಿಸದೆ ಹತ್ತು ನಿಮಿಷದಲ್ಲಿ ದೀಪ ಹತ್ತಿಸಿದರೆ, "ಡೈರೆಕ್ಟ್ ಕೊಟ್ಟಿರಾ?" ಎಂದು ನೇರವಾಗಿಯೇ ಕೇಳಿ. ಕೊಟ್ಟಿದ್ದರೆ ಹಣ ಕೊಟ್ಟು ಕಳುಹಿಸುವ ಮೊದಲು ಅವರಿಂದಲೇ ಬಿಚ್ಚಿಸಿ, ಆ ಎಂಸಿಬಿಯ ಮೇಲೆ 'ಹಾಕಬಾರದು' ಎಂದು ಚೀಟಿ ಅಂಟಿಸಿ.