ಒಮ್ಮತದ ಬೀಗ, ತೈಲದವರ ಕೈಯಲ್ಲಿ ಕೀಲಿ

ಕಾಫಿಗಿಡ ಬೇಸಿಗೆಯ ಹೂಮಳೆಯನ್ನು ನಂಬಿ ಮೊಗ್ಗು ಹಿಡಿದು ನಿಲ್ಲುತ್ತದೆ. ಆ ಮಳೆ ತಪ್ಪಿದರೆ ಹೂವಿಲ್ಲ; ಕೊಯ್ಲಿನ ಕಾಲದಲ್ಲಿ ಸುರಿದರೆ ಹಣ್ಣು ನೆಲಕ್ಕೆ, ಕಣದಲ್ಲಿದ್ದುದಕ್ಕೆ ಬೂಷ್ಟು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದುದನ್ನು ನಾವು ಮರೆತಿಲ್ಲ. ಒಂದೊಂದು ಕುಸಿತವನ್ನೂ ಹವಾಮಾನ ಬದಲಾವಣೆಯ ತಲೆಗೇ ಕಟ್ಟುವುದು ವಿಜ್ಞಾನವಲ್ಲ. ಆದರೆ ಗಾಳಿ ಬಿಸಿಯಾದಷ್ಟೂ ಹೆಚ್ಚು ತೇವ ಹಿಡಿಯುತ್ತದೆ, ಸುರಿದಾಗ ಬಿರುಸಾಗಿ ಸುರಿಯುತ್ತದೆ ಎಂಬುದು ನಿಸ್ಸಂಶಯ.

ಹೀಗಿದ್ದೂ 1992ರ ರಿಯೋ ಒಪ್ಪಂದದ ನಂತರ ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಮಾಡಿದ್ದೇನು? ಉತ್ತರವು ಬಹುಪಾಲು ಸಭೆಯ ನಿಯಮದಲ್ಲೇ ಅಡಗಿದೆ. 1995ರ ಬರ್ಲಿನ್ ಸಮ್ಮೇಳನದಲ್ಲಿ ಮತದಾನದ ನಿಯಮಕ್ಕೆ ಸೌದಿ ಅರೇಬಿಯಾ ಮೊದಲಾದ ತೈಲ ರಾಷ್ಟ್ರಗಳು ತಡೆಯೊಡ್ಡಿದವು. ಆ ನಿಯಮ ಇಂದಿಗೂ ಅಂಗೀಕಾರವಾಗಿಲ್ಲ. ಆದ್ದರಿಂದ ಪ್ರತಿ ತೀರ್ಮಾನಕ್ಕೂ ಒಮ್ಮತ ಬೇಕು. ಕೆರೆಯ ಹೂಳೆತ್ತಲು ಕೆರೆಯನ್ನು ಒತ್ತುವರಿ ಮಾಡಿದವನ ಒಪ್ಪಿಗೆಯೂ ಬೇಕೆಂದರೆ ಹೂಳೆತ್ತುವುದು ಎಂದಿಗೆ?

ಅಮೆರಿಕದ ತೈಲ, ಕಲ್ಲಿದ್ದಲು, ಮೋಟಾರು ಉದ್ಯಮಗಳು 1989ರಲ್ಲಿ ಕಟ್ಟಿಕೊಂಡ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ವಿಜ್ಞಾನದ ಬಗ್ಗೆ ಸಂಶಯ ಬಿತ್ತಿತು. 2001ರಲ್ಲಿ ಅಮೆರಿಕ ಕ್ಯೋಟೋ ಒಪ್ಪಂದದಿಂದ ಹಿಂದೆ ಸರಿಯಿತು. ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂಬ ಮಾತು ಸಮ್ಮೇಳನದ ನಿರ್ಣಯವನ್ನು ಸೇರಿದ್ದು 2023ರಲ್ಲಿ, ದುಬೈನಲ್ಲಿ. ಆ ಸಭೆಯ ಅಧ್ಯಕ್ಷರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರೇ! 2025ರ ಬೆಲೆಮ್ ಸಭೆಯಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳು ಇದಕ್ಕೊಂದು ಮಾರ್ಗಸೂಚಿ ಕೇಳಿದರೂ ಅಂತಿಮ ನಿರ್ಣಯದಲ್ಲಿ ಆ ಇಂಧನಗಳ ಹೆಸರೇ ಬರಲಿಲ್ಲ.

ನಮ್ಮ ದೇಶವೂ ಈ ವಿಮರ್ಶೆಯಿಂದ ಹೊರತಲ್ಲ. 2021ರ ಗ್ಲಾಸ್ಗೋ ಸಭೆಯ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ‘ಕೊನೆಗಾಣಿಸುವುದು’ ಎಂಬುದು ‘ಇಳಿಸುವುದು’ ಎಂದಾದುದು ಭಾರತದ ಒತ್ತಾಯದಿಂದ. ಶ್ರೀಮಂತ ರಾಷ್ಟ್ರಗಳ ಹೊಣೆ ದೊಡ್ಡದೆಂಬ ನಮ್ಮ ವಾದ ನ್ಯಾಯವಾದುದೇ. ಆದರೆ ಬಡ ರೈತನ ಹೆಸರು ಕಲ್ಲಿದ್ದಲಿಗೆ ರಕ್ಷೆಯಾಗಬಾರದು.

ಭದ್ರೆಗೆ ಕೆಸರು ಹರಿಸಿದ ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದು ಜನರ ಹೋರಾಟದಿಂದ ಮತ್ತು 2002ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಗಣಿಯವರ ಒಮ್ಮತಕ್ಕೆ ಕಾದಿದ್ದರೆ ಅದು ನಿಲ್ಲುತ್ತಿತ್ತೇ? ಒಮ್ಮತ ಮುರಿದಾಗ ಬಹುಮತದಿಂದ ತೀರ್ಮಾನಿಸುವ ನಿಯಮ ಅಲ್ಲಿಯೂ ಬರಬೇಕು. ಭಾರತ ಅದನ್ನು ಬೆಂಬಲಿಸಲೆಂದು ನಮ್ಮ ಗ್ರಾಮಸಭೆಗಳು ನಿರ್ಣಯ ಮಾಡಿ ಸಂಸದರಿಗೆ ಕಳುಹಿಸಲಿ. ವಿದ್ಯಾರ್ಥಿ ಮಿತ್ರರು ತೋಟಗಳ ಹಳೆಯ ಮಳೆ ಲೆಕ್ಕದ ಪುಸ್ತಕಗಳನ್ನು ನಕಲು ಮಾಡಿ ಆ ನಿರ್ಣಯಕ್ಕೆ ಲಗತ್ತಿಸಲಿ. ಸಂಶಯ ಬಿತ್ತುವವರಿಗೆ ಆ ಲೆಕ್ಕವೇ ಮಲೆನಾಡಿನ ಸಾಕ್ಷಿ.