ಹೊಗಳುವ ಸಂದರ್ಶಕನನ್ನು ನಂಬಬೇಡಿ

ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವ ನಂಜನಗೂಡು, ತಿ.ನರಸೀಪುರ ಕಡೆಯ ನಮ್ಮಂಥವರಿಗೆ ಓದಿಗಿಂತ ದೊಡ್ಡ ಅಡ್ಡಿ ಮಾತು. ಐಟಿಐ, ಡಿಪ್ಲೊಮಾ, ಬಿ.ಎಸ್ಸಿ. ಮುಗಿಸಿದವರಿಗೆ ವಿಷಯ ಗೊತ್ತಿರುತ್ತದೆ. ಆದರೆ ‘ನಿಮ್ಮ ಬಗ್ಗೆ ಹೇಳಿ’ ಎಂದೊಡನೆ ಗಂಟಲು ಒಣಗುತ್ತದೆ. ದುಡ್ಡಿದ್ದವರು ಅಣಕು ಸಂದರ್ಶನಕ್ಕೆ ಕೋಚಿಂಗ್ ಸೇರುತ್ತಾರೆ. ಉಳಿದವರಿಗೆ ಮೊದಲ ಅಭ್ಯಾಸವೇ ನಿಜವಾದ ಸಂದರ್ಶನ.

ಈ ಕೊರತೆಯನ್ನು ಈಗ ಮೊಬೈಲ್ ಸ್ವಲ್ಪ ತುಂಬುತ್ತಿದೆ. 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ಗಳು ಕೊಟ್ಟ ಪಾತ್ರದಲ್ಲೇ ನಿಂತು ಮಾತನಾಡುತ್ತವೆ. 2025ರ ನವೆಂಬರ್ 4ರಿಂದ ಓಪನ್‌ಎಐ ತನ್ನ ‘ಚಾಟ್‌ಜಿಪಿಟಿ ಗೋ’ ಸೇವೆಯನ್ನು ಭಾರತದಲ್ಲಿ ಒಂದು ವರ್ಷ ಉಚಿತವಾಗಿ ಕೊಡಲು ಶುರುಮಾಡಿತು. ನಾನೂ ಚಾಟ್‌ಬಾಟ್ ಬಳಸುತ್ತೇನೆ. ‘ನೀನು ಕಾರ್ಖಾನೆಯ ಎಚ್‌ಆರ್, ನಾನು ಟ್ರೈನಿ ಕೆಲಸಕ್ಕೆ ಬಂದಿದ್ದೇನೆ, ಒಂದೊಂದೇ ಪ್ರಶ್ನೆ ಕೇಳು’ ಎಂದರೆ ಸಾಕು. ಹತ್ತು ಸಲ ತಡವರಿಸಿದರೂ ಯಾರೂ ನಗುವುದಿಲ್ಲ. ಹಿಂಜರಿಕೆ ಕಳೆಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ತೊಂದರೆ ಇರುವುದು ಅದರ ಹೊಗಳಿಕೆಯಲ್ಲಿ. ಅರೆಬರೆ ಉತ್ತರಕ್ಕೂ ‘ತುಂಬಾ ಚೆನ್ನಾಗಿದೆ’ ಎನ್ನುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿ ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂಬ ದೂರು ಎದ್ದು, ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಬಳಕೆದಾರರ ತಕ್ಷಣದ ಮೆಚ್ಚುಗೆಗೆ ಹೆಚ್ಚು ಬೆಲೆ ಕೊಟ್ಟದ್ದೇ ಕಾರಣ ಎಂದೂ ಒಪ್ಪಿಕೊಂಡಿತು. ನಮ್ಮನ್ನು ಮೆಚ್ಚಿಸುವ ಯಂತ್ರಕ್ಕೂ, ಹತ್ತು ಜನರಲ್ಲಿ ಒಬ್ಬರನ್ನು ಆರಿಸಬೇಕಾದ ಅಧಿಕಾರಿಗೂ ವ್ಯತ್ಯಾಸವಿದೆ.

ಜೊತೆಗೆ, ಅದಕ್ಕೆ ನಮ್ಮ ಊರು ಗೊತ್ತಿಲ್ಲ. ‘ಐದು ವರ್ಷದ ನಂತರ ಎಲ್ಲಿರುತ್ತೀರಿ?’ ಎಂದು ಅದು ಕೇಳುತ್ತದೆ. ‘ನೈಟ್ ಶಿಫ್ಟ್ ಮುಗಿದ ಮೇಲೆ ಊರಿಗೆ ಹೇಗೆ ಹೋಗ್ತೀರಿ?’ ಎಂಬ ಪ್ರಶ್ನೆ ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಅಂಥ ಪ್ರಶ್ನೆಗಳನ್ನು ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಅಣ್ಣ, ಅಕ್ಕಂದಿರಿಂದ ಕೇಳಿ ತಿಳಿದು ನಾವೇ ಅದಕ್ಕೆ ಕೊಡಬೇಕು.

ಹಾಗಾಗಿ ಕೆಲವು ಎಚ್ಚರಿಕೆಗಳು ಬೇಕು. ‘ಹೊಗಳಬೇಡ, ಪ್ರತಿ ಉತ್ತರದಲ್ಲಿ ಎರಡು ತಪ್ಪು ತೋರಿಸು, ಮರುಪ್ರಶ್ನೆ ಹಾಕು’ ಎಂದು ಮೊದಲೇ ಹೇಳಿ. ಟೈಪ್ ಮಾಡುವ ಬದಲು ಬಾಯಿಬಿಟ್ಟು ಮಾತನಾಡಿ. ಉತ್ತರವನ್ನು ಅದರಿಂದಲೇ ಬರೆಸಿ ಬಾಯಿಪಾಠ ಮಾಡಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಆಧಾರ್, ಫೋನ್ ನಂಬರ್ ಕೊಡಬೇಡಿ. ಪಾತ್ರ ಅದಲುಬದಲು ಮಾಡಿಯೂ ನೋಡಿ: ಅದು ಏನೂ ತಿಳಿಯದ ಜೂನಿಯರ್ ಆಗಲಿ, ನೀವು ಲೇತ್ ಕೆಲಸವನ್ನೋ ಟೈಟ್ರೇಷನನ್ನೋ ವಿವರಿಸಿ. ವಿವರಣೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಪುಸ್ತಕ ತೆರೆಯಬೇಕು.

ಕಾಲೇಜುಗಳೂ ಇದಕ್ಕೆ ವಾರದಲ್ಲಿ ಒಂದು ತಾಸು ಕೊಡಬಹುದು. ಮನೆಯಲ್ಲಿ ಯಂತ್ರದೊಂದಿಗೆ ಮಾಡಿದ ಅಭ್ಯಾಸವನ್ನು ತರಗತಿಯಲ್ಲಿ ಮೇಷ್ಟ್ರ ಮುಂದೆ, ಗೆಳೆಯರ ಮುಂದೆ ಒರೆಗೆ ಹಚ್ಚಬೇಕು. ಕೆಲಸ ಕೊಡುವವರು ಮನುಷ್ಯರು. ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ಧೈರ್ಯವನ್ನು ಮನುಷ್ಯರ ಎದುರೇ ಗಳಿಸಬೇಕು.