‘ಅವರ ಮೇಲೆ ಕೇಸಿತ್ತಂತೆ’

ತಿರುಪ್ಪೂರಿನ ವೇಲಂಪಾಳ್ಯದಲ್ಲಿ ನಮ್ಮದೊಂದು ಸಾಲು ಲೈನ್ ಮನೆಗಳಿವೆ. ಒಂದು ಖಾಲಿಯಾದಾಗ ಬನಿಯನ್ ಕಂಪನಿಯ ಹೊಲಿಗೆಯವಳೊಬ್ಬಳು ಕೇಳಿಕೊಂಡು ಬಂದಳು. ಅಡ್ವಾನ್ಸ್ ಹಣ ಸೆರಗಿನ ಗಂಟಿನಲ್ಲಿತ್ತು. ಅವಳ ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ. ‘ಅವರ ಮೇಲೆ ಕೇಸು ಹಾಕಿದ್ದೆವು’ ಎಂದರು. ನನಗೆ ಅಷ್ಟೇ ಸಾಕಾಯಿತು. ಅವಳು ಪ್ಲಾಸ್ಟಿಕ್ ಕವರಿನಿಂದ ಕೋರ್ಟಿನ ಕಾಗದ ತೆಗೆದು, ‘ಕೆಡವಿ ಕಟ್ಟೋಕೆ ಅಂತ ಬಿಡಿಸಿದ್ರು ಅಣ್ಣಾ, ಒಂದು ತಿಂಗಳ ಬಾಡಿಗೇನೂ ಬಾಕಿ ಇಲ್ಲ, ಓದಿ ನೋಡಿ’ ಎಂದಳು. ಮಡಿಕೆಗಳಲ್ಲಿ ಹರಿದಿದ್ದ ಆ ಕಾಗದವನ್ನು ನಾನು ಕೈಯಲ್ಲೂ ಹಿಡಿಯಲಿಲ್ಲ.

ನಾವು ತಿಳಿಯದೆ ಹೀಗೆ ಮಾಡುತ್ತಿಲ್ಲ. 2019ರ ಫೆಬ್ರುವರಿ 22ರಂದು ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾನೂನು ಏನು ಹೇಳುತ್ತದೆಂದು ಕೊಯಮತ್ತೂರು, ತಿರುಪ್ಪೂರಿನ ಪ್ರತಿಯೊಬ್ಬ ಮನೆ ಮಾಲೀಕನಿಗೂ ಅವನ ವಕೀಲ ಹೇಳಿಕೊಟ್ಟಿದ್ದಾನೆ. ಮನೆ ಸ್ವಂತಕ್ಕೆ ಬೇಕಾದರೂ ಬಿಡಿಸಬಹುದು, ಕೆಡವಿ ಕಟ್ಟುವುದಿದ್ದರೂ ಬಿಡಿಸಬಹುದು. ಬರವಣಿಗೆಯ ಕರಾರಿಲ್ಲ ಎಂಬುದೂ ಒಂದು ಕಾರಣವೇ, ಆ ಕರಾರು ಬರೆದುಕೊಡಲು ಹಿಂದೇಟು ಹಾಕುವವರು ಹೆಚ್ಚಾಗಿ ನಾವೇ ಆದರೂ! ಕೇಸು ಬಿದ್ದ ಮಾತ್ರಕ್ಕೆ ಬಾಡಿಗೆದಾರ ತಪ್ಪು ಮಾಡಿದನೆಂದಾಗುವುದಿಲ್ಲ. ಇದು ಗೊತ್ತಿದ್ದೂ ಇ-ಕೋರ್ಟ್ಸ್ ತಾಣದಲ್ಲಿ ಅವನ ಹೆಸರು ಹುಡುಕುತ್ತೇವೆ. ಬಾಡಿಗೆ ಕೇಸಿನ ಗುರುತಾದ ಆರ್‌ಎಲ್‌ಟಿಒಪಿ ಎಂಬ ಅಕ್ಷರಗಳು ಕಂಡೊಡನೆ ಬ್ರೋಕರಿಗೆ ಬೇಡವೆನ್ನುತ್ತೇವೆ. ಕೊನೆಯ ಸಾಲಿನ ಆದೇಶದವರೆಗೆ ಯಾರೂ ಓದುವುದಿಲ್ಲ.

ನಾವೆಂದರೆ ಯಾರು? ಮಗ್ಗವನ್ನೇ ನಂಬಿ ಈ ಕೊಂಗುನಾಡಿಗೆ ಬಂದ ಕನ್ನಡ ಮನೆಮಾತಿನ ದೇವಾಂಗರ ಮಕ್ಕಳು. ಸಿರುಮುಗೈಯಲ್ಲಿ ಇಂದಿಗೂ ಕನ್ನಡದ ಮಾತಿನ ನಡುವೆಯೇ ರೇಷ್ಮೆ ಸೀರೆ ನೇಯುತ್ತಾರೆ. ನಮ್ಮ ಹಿರಿಯರೂ ಒಂದು ದಿನ ಪರರ ಜಗುಲಿಯಲ್ಲಿ ನಿಂತು ಜಾಗ ಕೇಳಿದವರೇ. ಆಗ ಬಾಡಿಗೆಯ ಜಗಳ ಬೀದಿಯ ಹಿರಿಯರ ಮುಂದೆ ತೀರಿ ಅಲ್ಲೇ ತಣ್ಣಗಾಗುತ್ತಿತ್ತು. ಹೊಸ ಬೀದಿಗೆ ಹೋದವನು ಹೊಸಬನಾಗಿಯೇ ಹೋಗುತ್ತಿದ್ದ. ಈಗ ಅವನು ಎಲ್ಲಿಗೆ ಹೋದರೂ ಅವನಿಗಿಂತ ಮೊದಲು ಅವನ ಕೇಸು ಹೋಗಿ ಬಾಗಿಲಲ್ಲಿ ನಿಂತಿರುತ್ತದೆ.

ಬಾಡಿಗೆ ಬಾಕಿ ಬೀಳುವುದೂ ಎಲ್ಲ ಸಲ ಬಾಡಿಗೆದಾರನ ತಪ್ಪಲ್ಲ. ಲಾಕ್‌ಡೌನ್ ನಡುವೆ, 2020ರ ಮಾರ್ಚ್ 29ರಂದು ಕೇಂದ್ರ ಸರ್ಕಾರ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದೆಂದು ಆದೇಶಿಸಿತ್ತು. ಅದನ್ನು ಓದಿದವರೆಷ್ಟು, ಪಾಲಿಸಿದವರೆಷ್ಟು? 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇಕಡಾ 50ರ ಸುಂಕ ಹೇರಿದಾಗ ತಿರುಪ್ಪೂರು ನಡುಗಿತು. ಇಲ್ಲಿ ಕೂಲಿ ಶಿಫ್ಟಿನ ಲೆಕ್ಕ, ಬಟವಾಡೆ ಶನಿವಾರ. ಶಿಫ್ಟ್ ಇಲ್ಲದ ವಾರದ ಬಾಡಿಗೆಯನ್ನು ಆ ಮನೆಯವರು ಎಲ್ಲಿಂದ ತರಬೇಕು? ಕೇಸಿನ ಹೆಸರು ಅಂಟುತ್ತದೆಂಬ ಭಯಕ್ಕೆ ಸೋರುವ ಸೂರನ್ನು, ನೀರಿಲ್ಲದ ಕಕ್ಕಸನ್ನು, ಹಿಂದಿರುಗದ ಅಡ್ವಾನ್ಸನ್ನು ಅವರು ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ಆ ಮೌನದಿಂದ ನಮಗೆ ಲಾಭವಿದೆ. ಆದ್ದರಿಂದಲೇ ಈ ಪದ್ಧತಿ ಹೋಗಲಿ ಎಂದು ನಮ್ಮಲ್ಲಿ ಯಾರೂ ಬಯಸುತ್ತಿಲ್ಲ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2016ರ ಕಾನೂನಿನಂತೆ, ಕೇಸು ಹಾಕಿದ 60 ದಿನಗಳೊಳಗೆ ಮಾಲೀಕ ಗೆಲ್ಲದಿದ್ದರೆ ಆ ಕಡತ ಹೊರಗಿನವರಿಗೆ ಸಿಗುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಮೇ ತಿಂಗಳಿಂದ ಬಾಡಿಗೆದಾರನೇ ತನ್ನ ಕಡತ ಮುಚ್ಚುವಂತೆ ಅರ್ಜಿ ಹಾಕಬಹುದು. ನಮ್ಮಲ್ಲೂ 2017ರಲ್ಲಿ ಕರ್ನಾಟಕ ಹೈಕೋರ್ಟ್, ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗಬಾರದೆಂದು ಕೇಳಿದ ತಂದೆಯ ಮಾತಿಗೆ ಕಿವಿಗೊಟ್ಟಿತು. 2024ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್, ಖುಲಾಸೆಯಾದವನ ಹೆಸರನ್ನು ತೀರ್ಪಿನಿಂದ ಮರೆಮಾಡಲು ಹೇಳಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಪರಾಧದ ಆರೋಪ ಹೊತ್ತವನಿಗಾಗಿ ಇಷ್ಟಾದರೂ ವಾದ ನಡೆದಿದೆ. ಮನೆ ಬಿಟ್ಟುಕೊಟ್ಟವನ ಪರವಾಗಿ ನಾವು ಒಂದು ಅರ್ಜಿಯನ್ನಾದರೂ ಬರೆದಿದ್ದೇವೆಯೇ?

ಬಾಡಿಗೆ ಕೊಡದವರನ್ನು ಗುರುತಿಸುವುದು ಹೇಗೆ ಎನ್ನುತ್ತೀರಿ. ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕಾನೂನೇ ಕೊಟ್ಟಿರುವ ಭದ್ರತೆ. ಬಾಡಿಗೆದಾರನ ತಪ್ಪಿಲ್ಲದೆ ಮುಗಿದ ಕೇಸುಗಳ ಹೆಸರು ಹುಡುಕಾಟದಿಂದ ಹೋಗಲಿ, ತೀರ್ಪಾಗದ ಕೇಸು ಅಲ್ಲಿಯವರೆಗೆ ಮುಚ್ಚಿರಲಿ. ಇದರಿಂದ ಯಾವ ಮಾಲೀಕನ ಮನೆ ಮುಳುಗುತ್ತದೆ?

ಆ ಹೆಂಗಸಿಗೆ ಕೊನೆಗೆ ಪಲ್ಲಡಂ ದಾಟಿ ಮನೆ ಸಿಕ್ಕಿತು. ಎರಡು ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಾಳೆ. ಮಗನ ಶಾಲೆ ಬಿಡಿಸಿದ್ದಾಳೆ. ಅವಳಿಗೆ ಕೊಡದ ಆ ಮನೆ ನಮ್ಮ ಲೈನಿನಲ್ಲಿ ಎರಡು ತಿಂಗಳು ಬೀಗ ಹಾಕಿಕೊಂಡೇ ಇತ್ತು.